ತಟ್ಟಿ ನೋಡು

ಅಣ್ಣಾ,

ನೀನು ನನ್ನ ಫೋನ್ ಎತ್ತುವುದಿಲ್ಲ. ಅದಕ್ಕೇ ಲಾರಿ ಡ್ರೈವರ್ ಕೈಯಲ್ಲಿ ಈ ಚೀಟಿ ಕಳಿಸುತ್ತಿದ್ದೇನೆ.

ನೀವು ಚಾವಣಿಗೆ ಏರಿಸುತ್ತಿರುವ ತಗಡಿನ ಪ್ಯಾನೆಲ್‌ಗಳು ನಮ್ಮ ಫ್ಯಾಕ್ಟರಿಯಲ್ಲಿ ನನ್ನ ಮೆಷಿನ್‌ನಿಂದಲೇ ಬಂದವು. ರೋಲರ್ ಕಿರುಗುಟ್ಟುತ್ತಿತ್ತೆಂದು ಎಣ್ಣೆ ಹಾಕಿದೆ. ಅದು ತಾಗಿದ ತಗಡಿನ ಒಳಮೈ ಒರೆಸಲು ಮರೆತೆ. ಎಣ್ಣೆ ಮೆತ್ತಿದರೆ ಎರಡು ತಗಡುಗಳ ನಡುವೆ ತುಂಬುವ ಫೋಮ್ ಅಂಟುವುದಿಲ್ಲ. ಹೊರಗಿಂದ ಏನೂ ಕಾಣದು, ಕಾಲಿಟ್ಟರೆ ಮಡಚಿಕೊಳ್ಳುತ್ತದೆ. ತಟ್ಟಿದರೆ ಮಾತ್ರ ಟೊಳ್ಳು ಸದ್ದು.

ನಮ್ಮ ಸೂಪರ್‌ವೈಸರ್‌ಗೆ ಹೇಳಿದೆ. "ಚೆನ್ನಾಗೇ ಇದೆಯಲ್ಲಪ್ಪ, ಸುಮ್ನಿರು" ಅಂದರು.

ಕೈಮುಗಿಯುತ್ತೇನೆ, ಮೊದಲು ಕೆಳಗಿಳಿ. ಜೊತೆಯವರನ್ನೂ ಇಳಿಸು. ನಿನಗೇನಾದರೂ ಆದರೆ ಅತ್ತಿಗೆಗೆ ನಾನು ಯಾವ ಮುಖ ತೋರಿಸಲಿ?

"ಸತ್ರೂ ನಿನ್ನ ಮಾತು ಕೇಳಲ್ಲ" ಅಂದಿದ್ದೀಯ. ಬೇಡ, ಕೇಳಬೇಡ. ಏಣಿಯಲ್ಲೇ ನಿಂತು ಅಂಚಿನ ಪ್ಯಾನೆಲ್ ಒಂದನ್ನು ತಟ್ಟು. ಅದರ ಮಾತನ್ನಾದರೂ ಕೇಳು.

ನಿನ್ನ ತಮ್ಮ