ಬಲ ಎಂದರೆ ಬಾ

ಕಾಪು
ಭಾನುವಾರ, ೨೩ ಫೆಬ್ರವರಿ ೨೦೨೫

ಪ್ರೀತಿಯ ಮಗಳು ಚೈತಾಲಿಗೆ,

ಅಮ್ಮ ಕ್ಷೇಮ. ಮಣಿಪಾಲದಲ್ಲಿ ನೀನೂ ಅಪ್ಪನೂ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಹೊಸವರ್ಷಕ್ಕೇ ಬರೆಯಬೇಕಾಗಿದ್ದ ಕಾಗದ ಇದು. ಮದುವೆ ಸೀಸನ್ನಿನ ರವಿಕೆಗಳ ರಾಶಿಯಲ್ಲಿ ತಡವಾಯಿತು, ಬೇಸರ ಮಾಡಬೇಡ. ನನ್ನ ನಂಬರನ್ನು ನೀನು ಬ್ಲಾಕ್ ಮಾಡಿದ್ದೀ. ಕಾಗದಕ್ಕೆ ಆ ಗುಂಡಿ ಇಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಒಂದು ಸುದ್ದಿ ಉಂಟು, ನಗಬೇಡ. ನಾನು ಕುದುರೆ ಸವಾರಿ ಕಲಿಯುತ್ತಿದ್ದೇನೆ. ಅದೂ ಅಲೆವೂರಿನಲ್ಲಿ, ನಿನಗೆ ಕಲಿಸುವ ಸಂಗಮೇಶ ಮಾಸ್ಟ್ರ ಹತ್ತಿರ, ನಿನ್ನ ಮೆಚ್ಚಿನ ಕುದುರೆ ಮೈನಾಳ ಮೇಲೆಯೇ. ಪ್ಯಾಂಟು ನಾನೇ ಹೊಲಿದುಕೊಂಡೆ. ಭಾನುವಾರ ಬೆಳಿಗ್ಗೆ ಎರಡು ಬಸ್ಸು ಹಿಡಿದು ಹೋಗುತ್ತೇನೆ. ಪಕ್ಕದ ಮನೆಯ ಕಾನ್ಸೆಪ್ಟಾ ಬಾಯಿ, "ಎಂತ ಮಾರಾಯ್ತಿ, ಈ ಪ್ರಾಯದಲ್ಲಿ ಕುದುರೆಯಾ? ಸೊಂಟ ಮುರಿದರೆ ನನ್ನ ರವಿಕೆ ಯಾರು ಹೊಲಿಯುವುದು?" ಎಂದರು. ಒಮ್ಮೆ ಬಿದ್ದದ್ದೂ ಆಯಿತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರೆ. ನನಗೆ ಮೀಸೆಯ ಚಿಂತೆಯೂ ಇಲ್ಲದ್ದರಿಂದ ಮಣ್ಣು ಕೊಡವಿಕೊಂಡು ಮತ್ತೆ ಹತ್ತಿದೆ.

ಮೈನಾ ನಡೆಯುವಾಗ ಎಲ್ಲ ಸರಿ. ಅವಳ ಓಟ ಶುರುವಾದರೆ, ನೀವು ಟ್ರಾಟ್ ಅನ್ನುತ್ತೀರಲ್ಲ, ಅಲ್ಲಿ ನನ್ನ ಕಥೆ ಮುಗಿಯಿತು. ಓಟದ ತಾಳಕ್ಕೆ ಎದ್ದು ಕೂರಬೇಕು, ಜೊತೆಗೆ ಬೇಕಾದ ಕಡೆಗೆ ತಿರುಗಿಸಲೂ ಬೇಕು. ನಾನು ಎದ್ದರೆ ನನ್ನ ಕೈಯೂ ಏಳುತ್ತಿತ್ತು. ಲಗಾಮು ಜಗ್ಗಿದಂತಾಗಿ ಪಾಪದ ಪ್ರಾಣಿ ಬೇಲಿಯ ಹತ್ತಿರ ಹೋಗಿ ನಿಂತುಬಿಡುತ್ತಿತ್ತು.

ಅದಕ್ಕಿಂತ ದೊಡ್ಡ ಫಜೀತಿ ಇನ್ನೊಂದು. ಮಾಸ್ಟ್ರು ವಿಜಯಪುರದ ಕಡೆಯವರು, ತುಳು ಬಾರದು. ಅಂಗಳದ ನಡುವೆ ನಿಂತು, "ಬಲ! ಬಲ!" ಎಂದು ಕೂಗಿದರು. ಬಲಗಡೆಗೆ ತಿರುಗಿಸಬೇಕಿತ್ತು. ಹೆದರಿಕೆಯಲ್ಲಿ ಕನ್ನಡ ಎಲ್ಲಿ ನೆನಪಾಗುತ್ತದೆ? ನನ್ನ ಕಿವಿಗೆ ಬಿದ್ದದ್ದು ನಮ್ಮ ತುಳುವಿನ 'ಬಲ', ಬಾ ಎಂದು. ಕರೆಯುತ್ತಿದ್ದಾರೆಂದು ಮೈನಾಳನ್ನು ನೇರ ಅವರ ಎದೆಗೇ ತಂದೆ. "ಅಕ್ಕಾರ, ನಾ ಬಲ ಅಂದ್ರ ನೀವು ನನ್ನ ಮ್ಯಾಲೇ ಬರಾಕತ್ತೀರಲ್ರೀ!" ಎಂದು ಹಿಂದಕ್ಕೆ ಹಾರಿದರು. ವಿವರಿಸಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ನಗುತ್ತಲೇ ಕಣ್ಣು ತುಂಬಿತು. "ಬಲ ಮಗಾ" ಎಂದು ನಿನ್ನನ್ನು ಊಟಕ್ಕೆ ಕರೆಯದೆ ಎಷ್ಟು ಕಾಲವಾಯಿತು.

ಈ ದಿನ ಕೈ ಕೂತಿತು. ಹೊಲಿಗೆ ಮೆಷಿನ್ನು ತುಳಿಯುವಾಗ ಕಾಲು ಎಷ್ಟೇ ಆಡಲಿ, ಬಟ್ಟೆ ಹಿಡಿದ ಕೈ ಅಲುಗುವುದಿಲ್ಲ ಅಲ್ವಾ? ಬಟ್ಟೆಯನ್ನು ಎಳೆದರೆ ಸೂಜಿ ಮುರಿಯುತ್ತದೆ, ಸುಮ್ಮನೆ ದಾರಿ ತೋರಿಸಬೇಕು. ಹಾಗೆಯೇ ಮಾಡಿದೆ. "ಕುದುರಿ ಕಿವಿ ನೋಡಬ್ಯಾಡ್ರಿ, ಹೋಗೋ ಕಡೆ ನೋಡ್ರಿ" ಎಂದರು ಮಾಸ್ಟ್ರು. ಬೇಲಿಯಾಚೆಯ ಹಲಸಿನ ಮರ ನೋಡಿದೆ, ಮೈನಾ ಅತ್ತ ತಿರುಗಿದಳು. ತೆಂಗಿನ ಮರ ನೋಡಿದೆ, ಇತ್ತ ತಿರುಗಿದಳು. ಎದ್ದು ಕೂರುತ್ತ ಇಡೀ ಅಂಗಳ ಸುತ್ತಿದೆ. ಇಷ್ಟು ವರ್ಷಗಳಲ್ಲಿ ನಾನು ಹೇಳಿದ ಕಡೆಗೆ ಒಂದು ಜೀವ ಸಂತೋಷದಿಂದ ಬಂದದ್ದು ಇವತ್ತೇ.

ಯಾಕೆ ಕಲಿತೆ ಎಂದು ಕೇಳುತ್ತೀಯಾ? ನಿನ್ನ ಅಪ್ಪನ ಜೊತೆ ಬಾಳಲಾರದೆ ಮನೆ ಬಿಟ್ಟೆ. ನಿನ್ನನ್ನು ಬಿಟ್ಟು ಹೋದೆ ಎಂದು ನೀನು ತಿಳಿದುಕೊಂಡೆ. ಎದುರು ಕೂತರೆ ಎದ್ದು ಹೋಗುತ್ತೀ. ಕುದುರೆಗಳ ಮೇಲೆ ಅಕ್ಕಪಕ್ಕ ಹೋದರೆ ಇಬ್ಬರೂ ಮುಂದೆ ನೋಡಿದರಾಯಿತು, ಮಾತೂ ಬೇಡ. ಅಷ್ಟು ಸಿಕ್ಕರೆ ನನಗೆ ಸಾಕು. ಪರೀಕ್ಷೆ ಹತ್ತಿರ ಬಂದದ್ದರಿಂದ ನೀನು ಸದ್ಯ ಬರುತ್ತಿಲ್ಲವೆಂದು ಮಾಸ್ಟ್ರು ಹೇಳಿದರು. ಮುಗಿದ ಮೇಲೆ ಒಂದು ಭಾನುವಾರ ನನ್ನ ಜೊತೆ ಸವಾರಿ ಮಾಡುತ್ತೀಯಾ?

ಚೆನ್ನಾಗಿ ಓದು, ನಿದ್ದೆಗೆಡಬೇಡ. ಓದಿದ್ದೆಲ್ಲ ನೆನಪಿಗೆ ಬರಲಿ, ದೇವರು ನಿನ್ನ ಬೆನ್ನಿಗಿರಲಿ.

ನಿನ್ನ ಅಮ್ಮ,
ಗುಣವತಿ

ತಾ. ಕ.: ಮಂಗಳವಾರ. ಅಂಚೆಗೆ ಹಾಕುವ ಮೊದಲು, ನಮ್ಮಿಬ್ಬರಿಗೆ ಎರಡು ಕುದುರೆ ಬೇಕಾಗುತ್ತದಲ್ಲ ಎಂದು ಕೇಳಲು ಮಾಸ್ಟ್ರಿಗೆ ಫೋನ್ ಮಾಡಿದೆ. ಅವರು, "ಪರೀಕ್ಷಾ ಅಲ್ರಿ ಅಕ್ಕಾರ. ನೀವು ಸೇರಿದ್ದು ಗೊತ್ತಾದ ಮ್ಯಾಲೆ ಆಕಿ ಬರೂದ ಬಿಟ್ಟಾಳ್ರಿ. ನಿಮಗ ಹ್ಯಾಂಗ ಹೇಳೂದು ಅಂತ ಸುಳ್ಳು ಹೇಳಿದೆ" ಎಂದರು. ಮೈನಾಳ ಮೇಲೆ ಕೂತಾಗ ನಿನ್ನ ಮುಖ ಹೇಗಿರುತ್ತದೆಂದು ನನಗೆ ಗೊತ್ತು ಮಗಾ. ಅದನ್ನೂ ಕಿತ್ತುಕೊಂಡೆನಲ್ಲ. ಇನ್ನು ನಾನು ಅಲೆವೂರಿಗೆ ಹೋಗುವುದಿಲ್ಲ, ಮಾಸ್ಟ್ರಿಗೂ ಹೇಳಿ ಆಯಿತು. ಭಾನುವಾರ ನೀನು ಹೋಗು.