ನಾನು ನೀರು ಹಾಕದ ನೇರಳೆ

ಹುಣಸೂರು
೨೪ ಜೂನ್ ೨೦೨೫, ಮಂಗಳವಾರ

ಪ್ರೀತಿಯ ಪದ್ಮಾ,

ಹೇಗಿದ್ದೀಯ? ರಾವಂದೂರಿಗೆ ಹೋದ ಮೇಲೆ ಹಿಡಿದ ಕೆಮ್ಮು ಈಗಲಾದರೂ ಬಿಟ್ಟಿತೆ? ಶಾಲೆ ಶುರುವಾಗಿದೆ, ಮಕ್ಕಳಿಗೆ ಬಡಿಸುವ ಗಡಿಬಿಡಿಯಲ್ಲಿ ನೀನು ಊಟ ಮರೆಯುತ್ತೀಯ, ನನಗೆ ಗೊತ್ತು. ಚಿನ್ನುವಿನ ಯೂನಿಫಾರ್ಮ್ ಲಂಗ ಉದ್ದವಾಯಿತೆಂದು ಅವಳ ಅಪ್ಪ ಶಶಿಕುಮಾರರು ಹೇಳಿದರು. ಕತ್ತರಿಸಿಬಿಡಬೇಡ. ಒಳಗೆ ಮಡಿಚಿ ಹೊಲಿ, ಮುಂದಿನ ವರ್ಷ ಬಿಚ್ಚಿದರೆ ಸರಿಹೋಗುತ್ತದೆ. ಇಲ್ಲಿ ನಾವು ಚೆನ್ನಾಗಿದ್ದೇವೆ. ನಿನ್ನ ಭಾವನವರ ಮಂಡಿನೋವು ಮಳೆ ಬಿದ್ದ ಮೇಲೆ ಸ್ವಲ್ಪ ಜಾಸ್ತಿ. ಗಾವಡಗೆರೆಯಿಂದ ಅವ್ವ ಹೋದ ವಾರ ಅವರೆಬೇಳೆ ಕಳಿಸಿದ್ದಳು, ನಿನ್ನ ಪಾಲನ್ನು ಬೇರೆ ಡಬ್ಬಿಯಲ್ಲಿಟ್ಟಿದ್ದೇನೆ.

ದಿನ ಬಿಟ್ಟು ದಿನ ಫೋನಿನಲ್ಲಿ ಮಾತಾಡುವ ಅಕ್ಕ ಕಾಗದ ಯಾಕೆ ಬರೆದಳು ಎಂದು ನಿನಗೆ ಗಾಬರಿಯಾಗಬಹುದು. ಯಾರಿಗೂ ಏನೂ ಆಗಿಲ್ಲ. ಫೋನಿನಲ್ಲಿ ಹೇಳೋಣವೆಂದು ಎರಡು ಸಲ ನೋಡಿದೆ. ನಾನು ಅರ್ಧ ಹೇಳುವಷ್ಟರಲ್ಲಿ ನೀನು "ಹೋಗ್ಲಿ ಬುಡಕ್ಕ" ಅಂದುಬಿಡುತ್ತೀಯ. ಆಮೇಲೆ ಉಳಿದ ಅರ್ಧ ಬಿಟ್ಟು ಚಿನ್ನುವಿನ ವಿಷಯಕ್ಕೆ ಹೋಗಿಬಿಡುತ್ತೇನೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕಲಾರೆ. ವಿಷಯ ಇಷ್ಟು: ಕೆರೆ ದಂಡೆಯ ದಾರಿಯಲ್ಲಿ ನೀನು ನೆಟ್ಟಿದ್ದ ನೇರಳೆ ಗಿಡವನ್ನು ಕಂಠಪ್ಪನ ಆಡುಗಳು ತಿಂದವು ಎಂದು ಮೇ ತಿಂಗಳಲ್ಲಿ ನಿನಗೆ ಹೇಳಿದ್ದೆನಲ್ಲ, ಅದು ಸುಳ್ಳು. ಆ ಗಿಡವನ್ನು ಕೊಂದವಳು ನಾನು.

ನೀನು ಹುಣಸೂರಿನ ಶಾಲೆಗೆ ಟೀಚರಾಗಿ ಬಂದ ವರ್ಷ ಆ ಕೆರೆ ಹೇಗಿತ್ತೆಂದು ನಾವಿಬ್ಬರೂ ನೋಡಿದವರೇ. ಕೋಳಿ ಅಂಗಡಿಯ ಪುಕ್ಕ, ಛತ್ರದ ಊಟದೆಲೆ, ಒಡೆದ ಕಮೋಡು, ಎಲ್ಲವೂ ಅಲ್ಲೇ ಬೀಳುತ್ತಿದ್ದವು. ನೀನು ಒಂದು ಗೊಬ್ಬರದ ಚೀಲ ಹಿಡಿದು ಒಬ್ಬಳೇ ಆಯಲು ಹೋದಾಗ ನಿನಗೆ ಬುದ್ಧಿ ನೆಟ್ಟಗಿಲ್ಲ ಎಂದಿದ್ದೆ. ಎರಡನೇ ತಿಂಗಳಿಗೆ ಪ್ರತಿ ಭಾನುವಾರ ಹತ್ತು ಜನ ಸೇರತೊಡಗಿದರು. ಬಸ್ಸು ಓಡಿಸಿ ರಿಟೈರಾದ ಶಿವಶಂಕರ ಅವರು ಗುದ್ದಲಿ, ಕುಡುಗೋಲು ಎಲ್ಲದರ ಉಸ್ತುವಾರಿ ತೆಗೆದುಕೊಂಡರು. ಕೆಮ್ಮಣ್ಣು ಹಾಸಿ, ಅಂಚಿಗೆ ಕಲ್ಲು ಕೊಟ್ಟು, ಕೆರೆಯ ಸುತ್ತ ನಡೆಯುವ ದಾರಿಯಾಯಿತು. ಊರಿನವರು ಸಂಜೆ ಹೊತ್ತು ಮಕ್ಕಳನ್ನು ಕರೆತಂದರು. ನಾನೂ ಬಂದೆ, ಆದರೆ ನಿನ್ನ ಹಾಗೆ ಕೆರೆಯ ಮೇಲಿನ ಪ್ರೀತಿಯಿಂದಲ್ಲ. ನನ್ನ ಟೈಲರ್ ಅಂಗಡಿಗೆ ಬರುವವರೆಲ್ಲ ನಿನ್ನನ್ನೇ ಹೊಗಳುತ್ತಿದ್ದರು, ಆ ಹೊಗಳಿಕೆ ಎಲ್ಲಿ ಸಿಗುತ್ತದೆಂದು ನೋಡಲು ಬಂದೆ.

ಇದು ಇವತ್ತಿನ ಕಾಯಿಲೆಯಲ್ಲ. ಹತ್ತನೇ ಕ್ಲಾಸು ಮುಗಿದ ಮೇಲೆ ನನ್ನನ್ನು ಹೊಲಿಗೆ ಕಲಿಯಲು ಕೂರಿಸಿ, ನಿನ್ನನ್ನು ಅಪ್ಪ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಸ್ ಸ್ಟಾಪಿನವರೆಗೆ ಬಿಟ್ಟುಬರುತ್ತಿದ್ದರು. ನಿನ್ನ ಕಾಲೇಜಿನ ಬಟ್ಟೆಗಳನ್ನು ನಾನೇ ಹೊಲಿದೆ. "ನಮ್ ಪದ್ಮ ಹಾಕ್ಕೊಂಡ್ರೆ ಯಾವ್ ಬಟ್ಟೆನೂ ಚಂದ" ಎಂದು ಅವ್ವ ಎಲ್ಲರ ಮುಂದೆ ಹೇಳುತ್ತಿದ್ದಳು. ಹೊಲಿದವಳ ಮಾತು ಬರುತ್ತಲೇ ಇರಲಿಲ್ಲ. ನಿನ್ನ ಮೇಲೆ ನನಗೆ ಎಷ್ಟು ಜೀವವಿದೆಯೆಂದು ನಿನಗೆ ಗೊತ್ತು. ಈ ಉರಿಯೂ ಅದರ ಪಕ್ಕದಲ್ಲೇ ಇತ್ತು ಎಂಬುದು ಗೊತ್ತಿರಲಿಕ್ಕಿಲ್ಲ.

ಹೋದ ವರ್ಷ ಜೂನಿನಲ್ಲಿ ನಿನಗೆ ವರ್ಗವಾದಾಗ ನಾನು ಅತ್ತೆನಲ್ಲ, ಅದು ನಿಜವಾದ ಅಳುವೇ. ಆದರೆ ಮರುದಿನ ಬೆಳಿಗ್ಗೆ ಎದ್ದಾಗ ಮನಸ್ಸು ಹಗುರವಾಗಿತ್ತು. ಇನ್ನು ಕೆರೆಯ ಕೆಲಸ ನನ್ನದು ಅನ್ನಿಸಿತು. ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ ಪದ್ಮಾ. ದೀಪಾವಳಿಯ ಮುಂಚೆ ಬ್ಲೌಸುಗಳು ಗುಡ್ಡೆ ಬಿದ್ದಿದ್ದಾಗಲೂ ಹೋದೆ. ಮಳೆಗೆ ಕುಸಿದ ಪಡುವಣ ದಿಕ್ಕಿನ ದಾರಿಗೆ ಕಲ್ಲು ಕಟ್ಟಿಸಿದ್ದು ನಾನು. ಚರಂಡಿ ನೀರು ಕೆರೆಗೆ ನುಗ್ಗುವ ಕಡೆ ಜಾಲರಿ ಹಾಕಿಸಲು ಪುರಸಭೆಗೆ ಆರು ಸಲ ಅಲೆದವಳು ನಾನು. ಅಷ್ಟಾದರೂ ಯಾರಾದರೂ ಹೊಸಬರು ಬಂದರೆ "ಇದು ಪದ್ಮಶ್ರೀ ಮೇಡಂ ಮಾಡಿದ ದಾರಿ, ಇವರು ಅವರ ಅಕ್ಕ" ಎಂದು ಪರಿಚಯ ಮಾಡಿಸುತ್ತಿದ್ದರು. ಮಾರ್ಚಿನಲ್ಲಿ ಕೆರೆಯ ಹತ್ತಿರವೇ ಒಂದು ಸಣ್ಣ ಸನ್ಮಾನ ಸಮಾರಂಭವಾಯಿತು. ನನ್ನ ಹೆಸರು ಕರೆದರು. ಸೆರಗು ಸರಿ ಮಾಡಿಕೊಂಡು ವೇದಿಕೆ ಹತ್ತಿದೆ. "ತಂಗಿಯ ಪರವಾಗಿ ನೀವು ಸ್ವೀಕರಿಸಬೇಕು" ಎಂದು ಮೈಕಿನಲ್ಲಿ ಹೇಳಿ ಶಾಲು ಹೊದಿಸಿದರು. ಆ ಶಾಲಿನ ವಿಷಯ ನಿನಗೆ ನಾನು ಹೇಳಿಯೇ ಇಲ್ಲ. ಬೀರುವಿನಲ್ಲಿ ನನ್ನ ಸೀರೆಗಳ ಕೆಳಗೆ ಇದೆ.

ನಾವೆಲ್ಲ ಒಂದೊಂದು ಗಿಡ ನೆಟ್ಟಿದ್ದೆವು. ನನ್ನ ಹೊಂಗೆಯನ್ನು ಯಾರೂ ಯಶೋದಮ್ಮನ ಹೊಂಗೆ ಅನ್ನುವುದಿಲ್ಲ. ಹಾಲಿನ ಕವರಿನಲ್ಲಿ ಬೀಜ ಹಾಕಿ ನೀನು ಎಬ್ಬಿಸಿದ್ದ ಆ ನೇರಳೆ ಮಾತ್ರ ಎಲ್ಲರ ಬಾಯಲ್ಲೂ 'ಮೇಡಂ ಗಿಡ'. ಹೋಗುವಾಗ ಅದರ ನೀರಿನ ಕೆಲಸವನ್ನು ನನಗೆ ಒಪ್ಪಿಸಿದ್ದೆ. ಅದು ಇದ್ದದ್ದು ಕಲ್ಲು ಬೆಂಚಿನ ಹಿಂದಿನ ಗಟ್ಟಿ ನೆಲದಲ್ಲಿ. ಎರಡು ದಿನಕ್ಕೊಮ್ಮೆ ಬಿಂದಿಗೆ ನೀರು ಬೀಳದಿದ್ದರೆ ಬೇಸಿಗೆ ದಾಟುವ ಗಿಡವಲ್ಲ. ಸಮಾರಂಭವಾದ ಮೂರನೇ ದಿನ ಬಿಂದಿಗೆ ತುಂಬಿಕೊಂಡು ಅದರ ಹತ್ತಿರ ಹೋದೆ. ಎಲೆ ಜೋತುಬಿದ್ದಿತ್ತು. ನಿಂತು ನೋಡಿ, ಮುಂದಿನ ಗಿಡಕ್ಕೆ ಸುರಿದು ಬಂದೆ. ಮರೆವು ಎಂದು ಹೇಳಿಕೊಳ್ಳಬಹುದಿತ್ತು. ಮರೆವಲ್ಲ. ಏಪ್ರಿಲ್ ಪೂರ್ತಿ ಅದರ ಎಡಗಡೆಯ ಗಿಡಕ್ಕೂ ಬಲಗಡೆಯ ಗಿಡಕ್ಕೂ ನೀರು ಹಾಕಿದೆ, ಅದಕ್ಕೆ ಹಾಕಲಿಲ್ಲ. ಒಣಗುತ್ತಾ ಬಂದಾಗ ಒಳಗೊಂದು ಸಮಾಧಾನವಾಗುತ್ತಿತ್ತು.

ಮೇ ಮೊದಲ ಭಾನುವಾರ ಶಿವಶಂಕರ ಅವರು ನೋಡಿದರು. ಗಿಡದ ಸುತ್ತ ಕಟ್ಟಿದ್ದ ಬಿದಿರಿನ ತಟ್ಟಿ ಒಂದು ಕಡೆ ವಾಲಿತ್ತು, ಒಣಗಿದ ತುದಿ ಮುರಿದಿತ್ತು. "ಕಂಠಪ್ಪನ ಆಡುಗಳ ಕೆಲಸ ಇದು" ಅಂದರು. ಎಲ್ಲರೂ ನನ್ನ ಮುಖ ನೋಡಿದರು. ನೀರು ಹಾಕುವವಳು ನಾನಲ್ಲವೆ? ಹೂಂ ಅಂದೆ. ಒಂದೇ ಒಂದು ಹೂಂ. ಕಂಠಪ್ಪ ನಿನಗೆ ನೆನಪಿರಬೇಕು, ಕೆರೆಯ ಹಿಂದಿನ ಬೀದಿಯವನು. ನೀನು ಬೇಲಿ ಹಾಕಿಸುವಾಗ ಅವನ ಆಡುಗಳು ನೀರಿಗೆ ಇಳಿಯಲೆಂದು ಒಂದು ಸಂದು ಬಿಡಿಸಿದ್ದೆ. ಅವತ್ತೇ ಆ ಸಂದಿಗೆ ಮುಳ್ಳುತಂತಿ ಬಿಗಿದರು. ಕಂಠಪ್ಪ ದೂರದಲ್ಲಿ ನಿಂತು ನೋಡಿ, ಒಂದು ಮಾತೂ ಆಡದೆ ಆಡುಗಳನ್ನು ಹೊಡೆದುಕೊಂಡು ಹೋದ.

ಮೂರು ವಾರ ಕಳೆದ ಮೇಲೆ ಅವನ ಹೆಂಡತಿ ಕುಳ್ಳಮ್ಮ ನನ್ನ ಅಂಗಡಿಗೆ ಬಂದಳು, ಮೊಮ್ಮಗಳ ಹರಿದ ಲಂಗ ಹೊಲಿಸಲು. ಕೂತವಳು ತಾನಾಗಿಯೇ ಹೇಳಿದಳು: "ಸಂದಿ ಮುಚ್ಬುಟ್ರಲ್ಲವ್ವ, ಆಡ್ಗೋಳ್ನ ನೀರ್ಗೆ ದೊಡ್ಡ್ ರೋಡ್ ಮ್ಯಾಲೆ ಸುತ್ತಾಕ್ಕೊಂಡು ಒಡ್ಕೊಂಡ್ ಓಗ್ಬೇಕಾಯ್ತು. ಮನ್ನೆ ಲಾರಿ ಬಂದು ಒಂದ್ಕೆ ಒಡ್ದ್ಬುಡ್ತು. ಗಬ್ಬದ ಆಡು ಕಣವ್ವ. ಮರಿ ಒಟ್ಟೇಲೇ ಇತ್ತು." ಮಿಷನ್ನಿನ ಮೇಲಿದ್ದ ನನ್ನ ಕಾಲು ನಿಂತಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ನಿಮ್ ತಂಗಿ ಇದ್ದಿದ್ರೆ ಮುಚ್ಚೋಕ್ ಮುಂಚೆ ನಮ್ಮುನ್ನ ಒಂದ್ ಮಾತ್ ಕೇಳೋರು" ಅಂದಳು. ಸತ್ಯ ಹೇಳುತ್ತೇನೆ ಪದ್ಮಾ. ಆ ಕ್ಷಣದಲ್ಲೂ ನನಗೆ ಮೊದಲು ಬಂದದ್ದು ಹೊಟ್ಟೆಕಿಚ್ಚು. ಇಲ್ಲೂ ನೀನೇ ಅಂತ. ನಾಚಿಕೆ ಬಂದದ್ದು ಅವಳು ಮೆಟ್ಟಿಲಿಳಿದು ಹೋದ ಮೇಲೆ.

ಅವತ್ತಿನಿಂದ ಅನ್ನ ಸೇರಲಿಲ್ಲ. ನಿನ್ನ ಭಾವನವರಿಗೆ ಹೇಳಿದೆ. ಅವರು "ನನ್ ತಾವ ಹೇಳಿದ್ರೆ ಏನಾಯ್ತದೆ? ಹೇಳ್ಬೇಕಾದವ್ರ ತಾವ ಹೇಳು" ಅಂದರು. ಜೂನ್ ಮೊದಲ ಭಾನುವಾರ ಕೆಲಸ ಮುಗಿದು ಎಲ್ಲರೂ ಟೀ ಕುಡಿಯುವಾಗ ಎದ್ದು ನಿಂತೆ. ಆಡುಗಳು ತಿನ್ನಲಿಲ್ಲ, ನಾನು ಬೇಕೆಂದೇ ನೀರು ಹಾಕಲಿಲ್ಲ, ತಂಗಿಯ ಹೆಸರು ಕೇಳಿ ಕೇಳಿ ಹೀಗೆ ಮಾಡಿದೆ ಎಂದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಬ್ಬರು ಲೋಟ ತೊಳೆಯಲು ಎದ್ದರು, ಇನ್ನೊಬ್ಬರು ಫೋನು ನೋಡಿದರು. ಶಿವಶಂಕರ ಅವರು ಕೊನೆಗೆ, "ಆಡು ಅಂತ ಮೊದ್ಲು ಬಾಯಿ ಬುಟ್ಟೋನು ನಾನು, ಕಣಮ್ಮ. ನಂದೂ ತಪ್ಪೇ" ಎಂದು ಇಕ್ಕಳ ತಂದುಕೊಟ್ಟರು. ಸಂದಿಗೆ ಬಿಗಿದಿದ್ದ ತಂತಿಯನ್ನು ನಾನೇ ಕತ್ತರಿಸಿದೆ. ಅಂಗೈ ಸೀಳಿತು, ಎರಡು ಹೊಲಿಗೆ ಬಿದ್ದವು. ಅದನ್ನೇ ನಿನಗೆ ಕತ್ತರಿ ತಾಗಿತು ಎಂದು ಹೇಳಿದ್ದು.

ಹೊಲಿಗೆ ಹಾಕಿಸಿಕೊಂಡು ನೇರ ಕಂಠಪ್ಪನ ಮನೆಗೆ ಹೋದೆ. ಅವನು ಜಗುಲಿಯ ಮೇಲೆ ಕೂತು ಸೊಪ್ಪು ಕಟ್ಟುತ್ತಿದ್ದ. ನಾನು ಶುರು ಮಾಡುವ ಮೊದಲೇ, "ಗೊತ್ತು ಕಣ್ರವ್ವ" ಅಂದ. ಏನು ಗೊತ್ತು ಅಂತ ಕೇಳಿದೆ. "ಆಡು ತಿಂದ್ರೆ ಅಸಿ ಎಲೆ ತಿಂತದೆ. ಅದು ನಿಂತಂಗೇ ಒಣ್ಗಿತ್ತು. ನೀವು ಬಿಂದ್ಗೆ ಇಡ್ಕೊಂಡು ಅದ್ನ ದಾಟ್ಕೊಂಡ್ ಓಗೋದ್ನ ಎಷ್ಟ್ ದಿನ ನೋಡಿವ್ನಿ" ಅಂದ. ಹಾಗಾದರೆ ಅವತ್ತು ಯಾಕೆ ಹೇಳಲಿಲ್ಲ ಕಂಠಪ್ಪಣ್ಣ ಎಂದೆ. ಸೊಪ್ಪಿನ ಕಟ್ಟು ಬಿಗಿದು ಪಕ್ಕಕ್ಕಿಟ್ಟು ಹೇಳಿದ: "ಏಳಿದ್ರೆ ಯಾರ್ ನಂಬೋರು? ಅಲ್ಲಿ ನಿಂತಿದ್ದವ್ರೆಲ್ಲ ನಿಮ್ಮೋರು." ನಾನು ಕೈ ಮುಗಿದೆ. ಅವನು ತಿರುಗಿ ಕೈ ಮುಗಿಯಲೂ ಇಲ್ಲ, ಎದ್ದು ಹೋಗಿ ಅಂತಲೂ ಅನ್ನಲಿಲ್ಲ. ಕುಳ್ಳಮ್ಮ ಒಳಗಿನಿಂದ ನೀರು ತಂದುಕೊಟ್ಟಳು. ಆ ನೀರನ್ನು ಹೇಗೆ ಕುಡಿದೆನೋ ನನಗೇ ಗೊತ್ತಿಲ್ಲ.

ಈಗ ಆಡುಗಳು ಮತ್ತೆ ಆ ಸಂದಿಯಿಂದಲೇ ಇಳಿಯುತ್ತವೆ. ಕಂಠಪ್ಪ ಶಿವಶಂಕರ ಅವರೊಡನೆ ಮಾತಾಡುತ್ತಾನೆ, ನನ್ನ ಕಡೆ ನೋಡುವುದಿಲ್ಲ. ನೋಡಲಿ ಎಂದು ಕೇಳುವ ಬಾಯಿ ನನಗಿಲ್ಲ. ಭಾನುವಾರ ನಾನು ಹೋಗುತ್ತಲೇ ಇದ್ದೇನೆ. ಇಬ್ಬರು ಹೆಂಗಸರು ನನ್ನ ಜೊತೆ ಕಳೆ ಕೀಳುವುದನ್ನು ಬಿಟ್ಟಿದ್ದಾರೆ. ಮಿಕ್ಕವರು ಮೊದಲಿನ ಹಾಗೇ ಇದ್ದಾರೆ, ಅಥವಾ ಹಾಗೆ ತೋರಿಸಿಕೊಳ್ಳುತ್ತಾರೆ. ನನ್ನ ಉರಿ ಪೂರ್ತಿ ಆರಿತು ಎಂದು ಬರೆದರೆ ಇನ್ನೊಂದು ಸುಳ್ಳಾಗುತ್ತದೆ. ನೀನು ಸಿಟ್ಟು ಮಾಡಿಕೋ. ಒಂದು ವಾರ ಫೋನು ಮಾಡಬೇಡ. ಆದರೆ ದಮ್ಮಯ್ಯ, ಓದಿ ಮುಗಿಸಿದ ತಕ್ಷಣ ಕ್ಷಮಿಸಿಬಿಡಬೇಡ. ಹಾಗೆ ಮಾಡಿದರೆ ಅದರಲ್ಲೂ ನೀನೇ ದೊಡ್ಡವಳಾಗುತ್ತೀಯ.

ಚಿನ್ನುವಿನ ಕೆನ್ನೆಗೆ ನನ್ನದೊಂದು ಮುತ್ತು. ಶಶಿಕುಮಾರರಿಗೆ ನಮ್ಮಿಬ್ಬರ ನಮಸ್ಕಾರ. ನಿನ್ನ ಮನೆ ತಣ್ಣಗಿರಲಿ, ಕೆಮ್ಮಿಗೆ ಮೆಣಸಿನ ಕಷಾಯ ಬಿಡಬೇಡ.

ನಿನ್ನ ಅಕ್ಕ,
ಯಶೋದ

ಮರೆತೆ: ಮರೆತೆ ಅಂದರೆ ಮರೆತದ್ದಲ್ಲ, ಮೇಲೆ ಬರೆಯಲು ಆಗಲಿಲ್ಲ. ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಇದೇ ಭಾನುವಾರ, ೨೯ಕ್ಕೆ, ಅದೇ ಜಾಗದಲ್ಲಿ ಹೊಸ ನೇರಳೆ ನೆಡುತ್ತಾರೆ. ನೀನೇ ಬಂದು ನೆಡಬೇಕೆಂದು ಒಂಬತ್ತು ದಿನದ ಹಿಂದೆ ತೀರ್ಮಾನವಾಯಿತು, ನಿನಗೆ ತಿಳಿಸುವ ಕೆಲಸ ನನಗೇ ಬಿತ್ತು. ನಾನು ನಿನ್ನನ್ನು ಕೇಳದೆಯೇ, ಅವಳಿಗೆ ಟ್ರೈನಿಂಗ್ ಇದೆ, ಬರಲಾಗುವುದಿಲ್ಲವಂತೆ ಎಂದುಬಿಟ್ಟೆ. ಅಷ್ಟೆಲ್ಲ ಒಪ್ಪಿಕೊಂಡು ಎರಡೇ ವಾರಕ್ಕೆ ಮತ್ತೆ ಹೀಗೆ ಮಾಡಿದೆ. ಇವತ್ತು ಬೆಳಿಗ್ಗೆ ಶಿವಶಂಕರ ಅವರ ಮನೆಗೆ ಹೋಗಿ ಅದೂ ಸುಳ್ಳೆಂದು ಹೇಳಿ ಬಂದಿದ್ದೇನೆ. ಶನಿವಾರ ಶಾಲೆ ಬಿಟ್ಟ ಮೇಲೆ ಬಸ್ಸು ಹತ್ತು. ನೀನು ಬಂದರೆ ಎಲ್ಲರೂ ನಿನ್ನ ಸುತ್ತಲೇ ನಿಲ್ಲುತ್ತಾರೆ, ನಾನು ಟೀ ಫ್ಲಾಸ್ಕು ಹಿಡಿದು ಆಚೆ ನಿಂತಿರುತ್ತೇನೆ. ಅದನ್ನು ನೆನೆದರೆ ಈಗಲೇ ಹೊಟ್ಟೆ ಉರಿಯುತ್ತದೆ. ಆದರೂ ಬಾ.