ಸುಟ್ಟ ಕಂಬಳಿ, ಬರೆಯದ ನಿಯಮ

ಕಂಬಳಿ ಸುಡಿಸಿದ ವೈದ್ಯಾಧಿಕಾರಿಗಳೇ,

ನನ್ನ ತಂಗಿಯ ಮಗ ಕನಕಪ್ಪನಿಗೆ ಕ್ಷಯದ ಇಂಜಕ್ಷನ್ ಕೊಡಲು ನಿಮ್ಮ ಸರಕಾರಿ ದವಾಖಾನೆ ಒಪ್ಪಿಲ್ಲ. ಭಿವಂಡಿಯ ಪವರ್‌ಲೂಮ್ ಬಿಟ್ಟು ದಸರೆಗೆ ಊರಿಗೆ ಬಂದವನನ್ನು ಹೋದ ವಾರ ನಿಮ್ಮಲ್ಲಿಗೆ ಕರೆತಂದಾಗ ಅವನ ಕೈಯಲ್ಲಿ ಮುಂಬಯಿಯ ರಕ್ತಪರೀಕ್ಷೆಯ ಚೀಟಿ ಇತ್ತು. ಅದರಲ್ಲಿ ಎಚ್‌ಐವಿ ಎಂದು ಓದಿದ್ದೇ ನೀವು ಕುರ್ಚಿಯನ್ನು ಗೋಡೆಯವರೆಗೆ ಸರಿಸಿಕೊಂಡಿರಿ. ನಿಮಗೆ ಅಷ್ಟು ಚುರುಕು ಇದೆಯೆಂದು ಅಂದೇ ತಿಳಿದದ್ದು.

"ಸಾಹೇಬ್ರ, ಇಂಥವ್ರನ್ನ ಹ್ಯಾಂಗ ನೋಡ್ಕೋಬೇಕಂತ ಸರಕಾರದ ಕಾಗದ ಐತೇನ್ರಿ?" ಎಂದು ಕೇಳಿದೆ.

"ಇಲ್ಲೋ ಗಾಳೆಪ್ಪ. ಕಾಗದ ಬರೂತನಾ ನಾವು ಮುಟ್ಟಂಗಿಲ್ಲ" ಎಂದಿರಿ.

ಮುಟ್ಟಬಾರದೆಂಬುದಕ್ಕೆ ಯಾವ ಕಾಗದ ಬಂದಿತ್ತು? ಅವನು ಹೊದ್ದ ಕಂಬಳಿಯನ್ನು ಕೋಲಿನಿಂದ ಎತ್ತಿಸಿ ಹಿತ್ತಲಲ್ಲಿ ಸುಡಿಸಲು ಯಾರ ಆದೇಶವಿತ್ತು? ನಾವು ಬೀರಪ್ಪನ ಒಕ್ಕಲು, ಕಂಬಳಿ ಹಾಸಿ ಅದರ ಮೇಲೆ ದೇವರನ್ನು ಕೂರಿಸುವ ಜನ. ಏಳು ಹಳ್ಳಿಯ ಕುರಿಗಳ ಹುಣ್ಣು ತೊಳೆಯುವುದರಲ್ಲಿ ನನಗೆ ಸಮನಿಲ್ಲವೆಂದು ಎಲ್ಲರೂ ಹೇಳುತ್ತಾರೆ. ಮರೆತವರಿಗೆ ನಾನೇ ನೆನಪಿಸುತ್ತೇನೆ. ಯಾವ ಕುರಿಯನ್ನೂ ಕೋಲಿನಿಂದ ನೋಡಿಕೊಂಡಿಲ್ಲ.

ನಿಮ್ಮಲ್ಲಿ ಅವನ ಬೆವರು ಒರೆಸಿದವಳು ಆಯಾ ಖೈರುನಬಿ ಒಬ್ಬಳೇ. ಮಿರಜಿನ ಆಸ್ಪತ್ರೆಯಲ್ಲಿ ದುಡಿದು ಬಂದವಳು. "ಮುಟ್ಟಿದ್ರ ಬರೂದಿಲ್ಲ ಕಾಕಾ. ಸೂಜಿ ಕುದಿಸ್ಬೇಕು, ರಕ್ತ ಇದ್ರ ಕೈಗೆ ರಬ್ಬರ್ ಚೀಲ ಹಾಕ್ಕೋಬೇಕು, ಕೆಮ್ಮುವಾಗ ಬಾಯಿಗೆ ಅರಿವಿ ಹಿಡೀಬೇಕು. ಇದಕ್ಯಾಕ ಇಷ್ಟು ಗದ್ದಲಾ?" ಎಂದಳು. ಇಷ್ಟನ್ನು ಬರೆಯಲು ನಿಮಗೆ ಇನ್ನೆಷ್ಟು ವರ್ಷದ ಓದು ಬೇಕು?

ಈಗ ಒಂದು ಸಿಹಿಸುದ್ದಿ. ಸಂಕ್ರಾಂತಿಗೆ ನೀವು ನನಗೆ ಹೇಳಿ ಮಾಡಿಸಿಕೊಂಡ ಕರಿ ಕಂಬಳಿಯನ್ನು ನೇಯ್ದವನು ಇದೇ ಕನಕಪ್ಪ. ಎರಡು ತಿಂಗಳಿಂದ ಅದನ್ನೇ ಹೊದ್ದು ಮಲಗುತ್ತಿದ್ದೀರಿ. "ಇಂಥಾ ನಿದ್ದಿ ಎಂದೂ ಬಂದಿದ್ದಿಲ್ಲೋ" ಎಂದು ನನ್ನ ಬೆನ್ನು ತಟ್ಟಿದ್ದೀರಿ. ಹೆದರಬೇಡಿ, ಕಂಬಳಿಯಿಂದ ಏನೂ ಬರುವುದಿಲ್ಲ. ಆದರೆ ಹಾಗೆಂದು ಹೇಳುವ ಕಾಗದ ನಿಮ್ಮಲ್ಲಿಲ್ಲವಲ್ಲ, ಪಾಪ. ಸುದ್ದಿಯನ್ನು ನಿಮ್ಮ ಮನೆಯವರಿಗೂ ಮುಟ್ಟಿಸಿದ್ದೇನೆ. ಅವರು ಅಂದೇ ತವರಿಗೆ ಹೋದರೆಂದು ಕೇಳಿ ಸಂತೋಷವಾಯಿತು. ಸಂತೋಷವನ್ನು ಮುಚ್ಚಿಡುವ ಅಭ್ಯಾಸ ನನಗಿಲ್ಲ.

ಖೈರುನಬಿ ಹೇಳಿದ್ದನ್ನು ಬರೆದು, ಸಹಿ ಮಾಡಿ, ದವಾಖಾನೆಯ ಬಾಗಿಲಿಗೆ ಹಚ್ಚಿರಿ. ಒಂದು ಪ್ರತಿಯನ್ನು ನಿಮ್ಮ ಮೇಲಿನವರಿಗೆ ಕಳಿಸಿರಿ; ಅವರಿಗೂ ಗೊತ್ತಿರಲಿಕ್ಕಿಲ್ಲ. ಇಲ್ಲವಾದರೆ ಕೆರೂರ ಸಂತೆಯಲ್ಲಿ ಡೊಳ್ಳು ಬಾರಿಸಿ ಈ ಪತ್ರ ಓದುತ್ತೇನೆ. ನನ್ನ ದನಿಗೆ ಡೊಳ್ಳೂ ಬೇಕಾಗಿಲ್ಲ.

ಸೋಮವಾರ ಕನಕಪ್ಪನನ್ನು ಬೆನ್ನ ಮೇಲೆ ಹೊತ್ತು ತರುತ್ತೇನೆ. ಸೂಜಿ ಕುದಿಸಿಡಿ. ಅವನು ನಡುದಾರಿಯಲ್ಲಿ ಉಸಿರು ಬಿಟ್ಟರೂ ನಾನು ತಿರುಗುವವನಲ್ಲ. ನಿಮ್ಮ ಮೇಜಿನ ಮೇಲೆಯೇ ಇಳಿಸುತ್ತೇನೆ.

ಇಂತಿ,
ನಾಲ್ಕನೇ ಇಯತ್ತೆಗೇ ಸಾಲಿ ಬಿಟ್ಟು, ಈಗ ಡಾಕ್ಟರರಿಗೆ ಪಾಠ ಬರೆಯಬೇಕಾಗಿ ಬಂದ ಸೋದರಮಾವ
ಗಾಳೆಪ್ಪ
ಚೊಳಚಗುಡ್ಡ, ಮಾರ್ಚ್ ೧೯೮೯